ನಾನು ಬಸ್ಸು ಮಾರಾಯ್ರೆ, ಗೋದಾಮಲ್ಲ

ಕಾಣಿಯೂರು ಪೇಟೆಯಿಂದ ಒಳಗೆ ಮೂರು ಕಿಲೋಮೀಟರ್ ಹೋದರೆ ನನ್ನ ಸೋದರಮಾವನ ಮನೆ. ಚಾವಡಿಯ ಕಂಬಕ್ಕೊಂದು ಮೊಳೆ, ಮೊಳೆಯಲ್ಲಿ ಅಡಿಕೆ ಕೋಣೆಯ ಕೀ, ಕೀಯ ಬಳೆಗೆ ಸಿಕ್ಕಿಸಿದ ಒಂದು ಪೆನ್ ಡ್ರೈವ್. ನೀಲಿ ಬಣ್ಣ, 16 ಜಿಬಿ. ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋಗಿ ಈಗ ಪ್ಲಾಸ್ಟಿಕ್ ತೊಟ್ಟೆಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಬಳೆ ತುಕ್ಕು ಹಿಡಿದು ಬಾಯಿ ಬಿಡುವುದನ್ನೇ ಮರೆತಿದೆ. ಕೆಳಗೆ ಮೇಜಿನ ಮೇಲೆ ಹಳೆ ಪಂಚೆ ಹೊದ್ದ ಕಂಪ್ಯೂಟರ್. ಅದರ ಪಕ್ಕ ಸೊಸೈಟಿಯ ರಶೀದಿಗಳು ಗಾಳಿಗೆ ಹಾರದಂತೆ ಒತ್ತಿ ಕೂತಿರುವುದು ಹಿಂದಿನ ಕಂಪ್ಯೂಟರಿನ ಹೊಟ್ಟೆಯಿಂದ ತೆಗೆದ 40 ಜಿಬಿಯ ಹಾರ್ಡ್ ಡಿಸ್ಕ್.

ಮಾವನ ಮನೆಯ ಅಷ್ಟೂ ದಾಖಲೆ, ಅಷ್ಟೂ ನೆನಪು ಈಗಿರುವುದು ಕಂಪ್ಯೂಟರಿನೊಳಗಲ್ಲ, ಮೊಳೆಯಲ್ಲಿ. ಹಾರ್ಡ್ ಡಿಸ್ಕಿನ ಸಹವಾಸ ಬೇಡವೆಂದು ಹೆಬ್ಬೆರಳಿನಷ್ಟು ವಸ್ತುವನ್ನು ನಂಬಿ ಕೂತ ಮನೆ ಪುತ್ತೂರು, ಸುಳ್ಯ, ಕಡಬದಲ್ಲಿ ಇದೊಂದೇ ಅಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ, ಮಾವ ಉಂಡು ಅಡ್ಡಾಗಿದ್ದಾಗ, ಘಟ್ಟದ ಕಡೆ ಮೋಡ ಕಪ್ಪಾಗುತ್ತಿದ್ದ ಹೊತ್ತಿನಲ್ಲಿ, ಪೆನ್ ಡ್ರೈವನ್ನು ಕೀ ಸಮೇತ ಇಳಿಸಿ ಕಂಪ್ಯೂಟರಿಗೆ ಸಿಕ್ಕಿಸಿ ಮಾತಿಗೆಳೆದೆ. ಮನೆಯಲ್ಲಿ ನಾವು ಆಡುವುದು ತುಳು. ಸಂದರ್ಶನ ಅಂದ ಮೇಲೆ ಇಬ್ಬರೂ ಸ್ವಲ್ಪ ಗಂಭೀರರಾಗಿ ಕನ್ನಡಕ್ಕೆ ಬಂದೆವು.

ನಾನು: ನಮಸ್ಕಾರ. ಹೇಗಿದ್ದೀರಿ?

ಪೆನ್ ಡ್ರೈವ್: ತೊಟ್ಟೆಯೊಳಗೆ ಆಟಿ ತಿಂಗಳು ಕಳೆದವನನ್ನು ಹೇಗಿದ್ದೀರಿ ಅಂತ ಕೇಳ್ತೀರಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಹಪ್ಪಳಕ್ಕೆ ಡಬ್ಬ ಉಂಟು, ಹುಳಿಗೆ ಭರಣಿ ಉಂಟು. ನನಗೆ ತೊಟ್ಟೆ.

ನಾನು: ಹಾರ್ಡ್ ಡಿಸ್ಕ್ ಬಿಟ್ಟು ಮಾವ ನಿಮ್ಮನ್ನು ಆರಿಸಿದ್ದು ಹೇಗೆ? ಗುಣದೋಷ ವಿಚಾರಿಸಿದ್ದರೇ?

ಪೆನ್ ಡ್ರೈವ್: ಆರಿಸಿದ್ದು ಧಣಿಗಳಲ್ಲ, ಸಿಡಿಲು. ನಿಮಗೂ ಗೊತ್ತುಂಟಲ್ಲ, ಜಡಿಮಳೆಯ ನಡುವೆ ಇಲ್ಲಿ ಗುಡುಗು ಕಡಿಮೆ. ಅದರ ದರ್ಬಾರು ಮಳೆ ಬರುವ ಮೊದಲು ಏಪ್ರಿಲ್, ಮೇಯಲ್ಲಿ. ಮತ್ತೆ ಮಳೆ ಹೊರಡುವಾಗ, ಈಗಿನ ಹಾಗೆ. ಬೆಳಿಗ್ಗೆ ಅಡಿಕೆ ಒಣಗಿಸುವ ಬಿಸಿಲು, ಸಂಜೆ ನಾಲ್ಕಕ್ಕೆ ಘಟ್ಟ ಇಳಿಯುವ ಮೋಡ. ಅಂಥದೊಂದು ಸಂಜೆ ಧಣಿಗಳು ಕರೆಂಟಿನ ಪ್ಲಗ್ ತೆಗೆದರು, ಟಿವಿಯ ಡಿಶ್ ವಯರ್ ತೆಗೆದರು, ಪಂಪಿನ ಫ್ಯೂಸ್ ಕೂಡ ತೆಗೆದರು. ಫೋನಿನ ತಂತಿಯೊಂದು ಮರೆತು ಹೋಯಿತು. ಸಿಡಿಲು ಅಲ್ಲಿಂದಲೇ ಒಳಗೆ ಬಂತು. ಮೊದಲು ಮೋಡೆಮ್, ಆಮೇಲೆ ಮದರ್ ಬೋರ್ಡ್, ಕೊನೆಗೆ ಈ ಅಜ್ಜ. ಸುಟ್ಟ ವಾಸನೆ ಮೂರು ದಿನ ಚಾವಡಿ ಬಿಡಲಿಲ್ಲವಂತೆ.

ಹಾರ್ಡ್ ಡಿಸ್ಕ್ (ರಶೀದಿಗಳ ಮೇಲಿಂದ): ಸುಟ್ಟದ್ದು ನಾನಲ್ಲ. ನನ್ನ ಬೆನ್ನಿಗೆ ಅಂಟಿಸಿದ್ದ ಹಸಿರು ಹಲಗೆ. ಒಳಗಿನ ತಟ್ಟೆಯಲ್ಲಿ ಬರೆದದ್ದೆಲ್ಲ ಹಾಗೇ ಉಂಟು. ಓದಿಸುವವರು ಬೇಕು.

ಅಜ್ಜ ಹೇಳಿದ್ದು ನಿಜ. ಆಗ ಪೇಟೆಯಲ್ಲಿ ತೋರಿಸಿದಾಗಲೂ ಇದನ್ನೇ ಹೇಳಿದ್ದರು: ಬೆಂಗಳೂರಿಗೆ ಕಳುಹಿಸಿದರೆ ತೆಗೆಯಬಹುದು, ಖರ್ಚು ಮಾತ್ರ ಹೊಸ ಕಂಪ್ಯೂಟರಿಗಿಂತ ಹೆಚ್ಚು. ಮಾವ ಅದನ್ನು ಚೀಲದಲ್ಲಿ ಹಾಕಿಕೊಂಡು ವಾಪಸ್ ಬಂದರು. ಅದರೊಳಗೆ ಮಾವನ ಮಗಳ ಮದುವೆಯ ಫೋಟೋಗಳಿವೆ. ಅವಳಿಗೀಗ ಎರಡು ಮಕ್ಕಳು. ಅವಳ ಮದುವೆ ಸೊಸೈಟಿಯ ರಶೀದಿ ಕಾಯುತ್ತಿದೆ.

ಪೆನ್ ಡ್ರೈವ್: ಅವತ್ತೇ ಧಣಿಗಳು ತೀರ್ಮಾನ ಮಾಡಿದರು. ಕಂಪ್ಯೂಟರ್ ಅಂದರೆ ಜಗಲಿ. ಬೆಲೆಬಾಳುವುದನ್ನು ಜಗಲಿಯಲ್ಲಿ ಇಡುವುದುಂಟಾ? ಕೆಲಸ ಜಗಲಿಯಲ್ಲಿ ಆಗಲಿ, ಗಂಟು ಕಿಸೆಯಲ್ಲಿರಲಿ. ಗುಡುಗು ಕೇಳಿದರೆ ಎಳೆದುಕೊಂಡು ಒಳಗೆ ಓಡಬಹುದಲ್ಲ. ಆಮೇಲೆ ತಂದ ಕಂಪ್ಯೂಟರಿನಲ್ಲಿ ಒಂದು ಟಿಬಿಯ ಹಾರ್ಡ್ ಡಿಸ್ಕ್ ಉಂಟು. ಅಷ್ಟೂ ಗದ್ದೆ ಹಡಿಲು ಬಿದ್ದಿದೆ. 16 ಜಿಬಿಯ ನನ್ನ ಮೇಲೆ ಮೂರು ಬೆಳೆ ತೆಗೀತಾರೆ.

ನಾನು: ಪೂರ್ತಿ ಹಡಿಲೇ? ವಿಂಡೋಸ್ ಇರಬೇಕಲ್ಲ.

ಪೆನ್ ಡ್ರೈವ್: ವಿಂಡೋಸ್ ಉಂಟು, ಇಸ್ಪೀಟಿನ ಆಟ ಉಂಟು. ಮತ್ತೆ ರಿಕವರಿ ಅಂತ ಒಂದು ತುಂಡು ಜಾಗ. ಅದು ನಮ್ಮ ಕುಮ್ಕಿಯ ಹಾಗೆ. ನಿಮ್ಮ ವರ್ಗ ಜಾಗಕ್ಕೆ ತಾಗಿಕೊಂಡೇ ಇರ್ತದೆ, ಸೊಪ್ಪು ಸೌದೆ ತರಬಹುದು, ಆದರೆ ಅದು ನಿಮ್ಮದು ಅಂತ ಎಲ್ಲಿಯೂ ಬರೆದಿರುವುದಿಲ್ಲ. ಉಳಿದದ್ದನ್ನು ಸಿ, ಡಿ, ಇ ಅಂತ ಪಾಲು ಮಾಡಿ ಬಿಟ್ಟಿದ್ದಾರೆ. ಪುತ್ತೂರಿನಿಂದ ಸುಳ್ಯ ಬೇರೆಯಾಯಿತು, ಆಮೇಲೆ ಎರಡರಿಂದಲೂ ಕಿತ್ತು ಕಡಬ ಮಾಡಿದರಲ್ಲ, ಹಾಗೆ. ಕುಕ್ಕೆಯ ಸುಬ್ರಹ್ಮಣ್ಯ ಕೂತಲ್ಲಿಂದ ಒಂದಿಂಚು ಅಲ್ಲಾಡಲಿಲ್ಲ, ಸುಳ್ಯ ತಾಲೂಕಿನವನು ಕಡಬ ತಾಲೂಕಿನವನಾದ. ಕಟ್ ಆಂಡ್ ಪೇಸ್ಟ್ ಅಂದರೆ ಅದು.

ನಾನು: ನಿಮ್ಮ ಮನೆತನದ ಬಗ್ಗೆ ಹೇಳಿ.

ಹಾರ್ಡ್ ಡಿಸ್ಕ್: ಮನೆತನ ಅಂದರೆ ನಮ್ಮದು. 1956, ಐಬಿಎಂ. 24 ಇಂಚು ಅಗಲದ 50 ತಟ್ಟೆ, ತೂಕ ಒಂದು ಟನ್ನಿನ ಹತ್ತಿರ. ನಮ್ಮ ಮೂಲಪುರುಷ ಹೊರಟನೆಂದರೆ ಲಾರಿ ಬೇಕಿತ್ತು.

ಪೆನ್ ಡ್ರೈವ್: ಎಷ್ಟು ಹಿಡೀತಿತ್ತು, ಅದನ್ನೂ ಹೇಳಿ ಅಜ್ಜ.

ಹಾರ್ಡ್ ಡಿಸ್ಕ್: ಹೆಚ್ಚೆಂದರೆ ಐದು ಎಂಬಿ.

ಪೆನ್ ಡ್ರೈವ್: ಅಂದರೆ ಎಲೆಚುಕ್ಕಿ ರೋಗ ಬಂದ ಸೋಗೆಯದ್ದು ಧಣಿಗಳು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ. ಅಂಥ ಫೋಟೋ ನನ್ನ ಹೊಟ್ಟೆಯಲ್ಲಿ ನಾನೂರು ಉಂಟು. ತೋಟಕ್ಕೆ ಬಂದ ರೋಗ ನನಗೂ ತುಂಬಿದೆ.

ಹಾರ್ಡ್ ಡಿಸ್ಕ್: ನಗಬೇಡ. ನಾನು ಕೆಲಸದಲ್ಲಿದ್ದಾಗ ಮಿನಿಟಿಗೆ 7200 ಸುತ್ತು ತಿರುಗುತ್ತಿದ್ದೆ, ಸೆಕೆಂಡಿಗೆ 120. ಅಷ್ಟು ವೇಗದಲ್ಲಿ ತಿರುಗುವ ತಟ್ಟೆಗೆ ತಾಗದೆ ನನ್ನ ಓದುವ ಮುಳ್ಳು ತೇಲಬೇಕು, ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲದ ಎತ್ತರದಲ್ಲಿ. ಮಹಿಷಾಸುರ ರಂಗಸ್ಥಳದಲ್ಲಿ ಎಷ್ಟು ಕುಣಿದರೂ ಕಿರೀಟ ಬೀಳುವುದಿಲ್ಲವಲ್ಲ, ಹಾಗೆ. ಇಂಥ ಸೂಕ್ಷ್ಮದವನನ್ನು ತಂದು ಇರಿಸಿದ್ದು ಎಲ್ಲಿ? ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಲೈನಿನ ಕೊನೆಯ ಮನೆಯಲ್ಲಿ. ಬೇಸಿಗೆಯ ವೋಲ್ಟೇಜಿಗೆ ಪಂಪು ಗೊರಗೊರ ಅನ್ನುವುದು ಬಿಟ್ಟರೆ ನೀರೆತ್ತುವುದಿಲ್ಲ. ಮೇಲಿಂದ ಇರುವೆ. ಚಳಿಗಾಲದಲ್ಲಿ ಬೆಚ್ಚಗಿರ್ತದೆ ಅಂತ ಒಂದಿಡೀ ಸಂಸಾರ ನನ್ನ ಪಕ್ಕದಲ್ಲಿ ಮೊಟ್ಟೆ ಇಟ್ಟಿತ್ತು.

ಅಜ್ಜ ಇಷ್ಟು ಹೇಳಿ ಸುಮ್ಮನಾಯಿತು. ಆಮೇಲೆ ಎಷ್ಟು ಕೆದಕಿದರೂ ಮಾತಾಡಲಿಲ್ಲ.

ಪೆನ್ ಡ್ರೈವ್: ನಮ್ಮದು ಚಿಕ್ಕ ಕತೆ. ತೋಷಿಬಾದಲ್ಲಿದ್ದ ಫುಜಿಯೊ ಮಸುವೋಕ ಅನ್ನುವವರು 1980ರ ದಶಕದಲ್ಲಿ ನಮ್ಮ ಜಾತಿಯ ಚಿಪ್ಪನ್ನು ಕಂಡುಹಿಡಿದರು. ಅದರಲ್ಲಿ ಬರೆದದ್ದನ್ನು ಒಂದೇ ಏಟಿಗೆ ಅಳಿಸಬಹುದು. ಕ್ಯಾಮೆರಾದ ಫ್ಲ್ಯಾಶ್ ಹೊಡೆದ ಹಾಗೆ ಕಂಡಿತು ಅಂತ ಅವರ ಸಹೋದ್ಯೋಗಿಯೊಬ್ಬರು ಫ್ಲ್ಯಾಶ್ ಅಂತ ಹೆಸರಿಟ್ಟರು. ನೋಡಿ ಗ್ರಹಚಾರ, ಹೆಸರೇ ಮಿಂಚು, ಸಾಕಿದ್ದು ಮಿಂಚಿಗೆ ಹೆದರಿ. 2000ದಲ್ಲಿ ಪೆನ್ ಡ್ರೈವ್ ಆಗಿ ಅಂಗಡಿಗೆ ಬಂದೆವು. ಆಗ 8 ಎಂಬಿ. ನಮಗಿಂತ ಮೊದಲು 1.44 ಎಂಬಿಯ ಫ್ಲಾಪಿಗಳಿದ್ದವು, ಒಂದು ಮಳೆಗಾಲ ದಾಟಿದರೆ ಬೂಷ್ಟು. ನಡುವೆ 100 ಎಂಬಿಯ ಜಿಪ್ ಡ್ರೈವ್ ಬಂತು, ಅದು ಟಿಕ್ ಟಿಕ್ ಸದ್ದು ಮಾಡತೊಡಗಿದರೆ ಅಮೆರಿಕದಲ್ಲೂ ಜನ ತಲೆಗೆ ಕೈ ಇಡುತ್ತಿದ್ದರಂತೆ. ಎಳೆದುಕೊಂಡು ಓಡುವ ಆಸೆ ಬರೀ ನಿಮ್ಮ ಮಾವನದ್ದಲ್ಲ.

ನಾನು: ನಿಮ್ಮ ಮೇಲೆ 16 ಅಂತ ಉಂಟು. ಕಂಪ್ಯೂಟರ್ 14.9 ತೋರಿಸುತ್ತದೆ. ಉಳಿದದ್ದು ಯಾರು ತಿಂದರು?

ಪೆನ್ ಡ್ರೈವ್: ಯಾರೂ ತಿನ್ನಲಿಲ್ಲ. ಗೇಣಿ ಅಕ್ಕಿ ಅಳೆದವರ ಮನೆಯವರು ನೀವು, ನಿಮಗೆ ಹೇಳಬೇಕಾ? ಅಳೆಯುವ ಕಳಸೆ ಬೇರೆ, ಅಷ್ಟೆ. ಮಾಡಿದವನ ಕಳಸೆಯಲ್ಲಿ ಸಾವಿರಕ್ಕೆ ಒಂದು ಏರಿಕೆ, ಕಂಪ್ಯೂಟರಿನ ಕಳಸೆಯಲ್ಲಿ 1024ಕ್ಕೆ. ಕಿಲೋ, ಮೆಗಾ, ಗಿಗಾ ಅಂತ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನೂರಕ್ಕೆ ಏಳು ಕಡಿಮೆ ಕಾಣ್ತದೆ. ಇದು ಮೋಸ ಅಲ್ಲ. ಮೋಸ ಯಾವುದು ಅಂದರೆ ನಿಮ್ಮ ಮಾವನ ಮಗ ಬೆಂಗಳೂರಿನಿಂದ ತರಿಸಿದ ಒಂದು ಟಿಬಿಯ ಪೆನ್ ಡ್ರೈವ್, ಐನೂರು ರೂಪಾಯಿಗೆ. ಅದರ ಒಳಗಿನ ಜಾಗ 32 ಜಿಬಿ. ಲೆಕ್ಕ ಹೇಳುವ ಚಿಪ್ಪಿಗೆ ಸುಳ್ಳು ಕಲಿಸಿರ್ತಾರೆ. ಹಾಕಿದ್ದೆಲ್ಲ ಹಿಡಿದ ಹಾಗೆ ತೋರಿಸ್ತದೆ, ಹೆಸರು ಕಾಣ್ತದೆ, ತೆರೆದರೆ ಏನೂ ಇಲ್ಲ. ತುಂಬಿ ನೋಡಿ, ಮತ್ತೆ ತೆರೆದು ನೋಡಿ, ಆಮೇಲೆ ನಂಬಬೇಕು. ಅಡಿಕೆ ಚೀಲದ ಬಾಯಿ ಮಾತ್ರ ನೋಡಿ ಯಾರೂ ವ್ಯಾಪಾರ ಮಾಡುವುದಿಲ್ಲ, ಅಡಿಗೂ ಕೈ ಹಾಕ್ತಾರೆ. ಇದಕ್ಕೆ ಮಾತ್ರ ಯಾಕೆ ಬಾಯಿ ನೋಡಿ ದುಡ್ಡು ಕೊಡುವುದು?

ನಾನು: ಒಟ್ಟು ಏನೇನುಂಟು ಒಳಗೆ?

ಪೆನ್ ಡ್ರೈವ್: ಕೇಳಬೇಡಿ, ಮಂಡೆಬೆಚ್ಚ. ಆಧಾರ್, ಆರ್‌ಟಿಸಿ, ನಕ್ಷೆ, ಪಾಲುಪಟ್ಟಿ. ದೈವದ ನೇಮದ ವಿಡಿಯೊ. ಅಡಿಕೆ ಪತ್ರಿಕೆಯಿಂದ ಫೋಟೋ ಹೊಡೆದಿಟ್ಟ ಪುಟಗಳು. ನಿಮ್ಮ ಭಾವನ ಬಯೋಡೇಟಾ, ಅದರಲ್ಲಿ ಕೊನೆಯದ್ದು, ಕೊನೆಯದ್ದು ಎರಡು, ನಿಜವಾಗಿ ಕೊನೆಯದ್ದು ಅಂತ ಮೂರು. ನ್ಯೂ ಫೋಲ್ಡರ್ ಅನ್ನುವ ಹೆಸರಿನವು ಹನ್ನೊಂದು, ಒಂದರೊಳಗೊಂದು. ಮತ್ತೆ ಮನೆ ಒಕ್ಕಲಿನ ಕಾಗದ. ಅದನ್ನು ಹಳೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ನನ್ನನ್ನು ಕಳುಹಿಸಿದರು. ಆ ಅಕ್ಷರ ಅವರಲ್ಲಿರಲಿಲ್ಲ. ತೆರೆದರೆ ಗುಳಿಗ ದೈವ ಕೂಡ ಅರ್ಥ ಹೇಳಲಾಗದ ಭಾಷೆ. ಕನ್ನಡಕ್ಕೆ ಕೀಲಿಮಣೆ ಮಾಡಿಕೊಟ್ಟ ಕೆ. ಪಿ. ರಾಯರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರೇ. ಅಂಥ ಜಿಲ್ಲೆಯಲ್ಲಿ ಈ ಅವಸ್ಥೆ.

ನಾನು: ಯಕ್ಷಗಾನ?

ಪೆನ್ ಡ್ರೈವ್: ಅದನ್ನು ಹೇಳಬೇಕು. ಹರಕೆಯ ಆಟ, ದೇವೀಮಹಾತ್ಮೆ. ಇಡೀ ರಾತ್ರಿಯದ್ದು ರೆಕಾರ್ಡ್ ಮಾಡಿಸಿದರು. ನಮ್ಮ ಹಳೆ ಪದ್ಧತಿಯಲ್ಲಿ, ಫ್ಯಾಟ್ 32 ಅಂತಾರೆ, ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಹಾಗಾಗಿ ಕ್ಯಾಮೆರಾವೇ ಆಟವನ್ನು ತುಂಡು ತುಂಡು ಮಾಡಿತ್ತು. ನನ್ನಲ್ಲಿ ಮೂರು ತುಂಡು ಹಿಡಿದವು. ಮಧುಕೈಟಭರು ಬಂದರು. ಸಭೆಯ ನಡುವಿನಿಂದ ದೊಂದಿ ಬೆಳಕಲ್ಲಿ ಬೊಬ್ಬೆ ಹೊಡೆಯುತ್ತಾ ಮಹಿಷಾಸುರ ಬಂದ. ಅಲ್ಲಿಗೆ ಜಾಗ ಮುಗಿಯಿತು. ದೇವಿ ಬರಲೇ ಇಲ್ಲ. ಉಳಿದ ತುಂಡು ಆಮೇಲೆ ಹಾಕುವ ಅಂತ ಹೇಳಿದವರು ಕಾರ್ಡಿನಲ್ಲಿದ್ದದ್ದನ್ನು ಅಳಿಸಿ ಇನ್ನೊಂದು ಮದುವೆಗೆ ಹೋದರು. ಏಳು ವರ್ಷ ಆಯಿತು, ಈ ಮನೆಯಲ್ಲಿ ಮಹಿಷಾಸುರನನ್ನು ಕೊಲ್ಲುವವರಿಲ್ಲ.

(ನಗಬಾರದೆಂದುಕೊಂಡರೂ ನಕ್ಕೆ. ಒಳಕೋಣೆಯಿಂದ ಮಾವ ಒಮ್ಮೆ ಕೆಮ್ಮಿದರು.)

ನಾನು: ಊರೂರು ತಿರುಗುವವರು ನೀವು. ರೋಗರುಜಿನ?

ಪೆನ್ ಡ್ರೈವ್: ಸ್ಟುಡಿಯೋ, ಜೆರಾಕ್ಸ್ ಅಂಗಡಿ, ಪಿಕಪ್ಪಿನ ಸ್ಟೀರಿಯೊ, ಎಲ್ಲ ಕಡೆ ಚುಚ್ಚಿಸಿಕೊಂಡು ಬರುವವನು. ಮಳೆಗಾಲದಲ್ಲಿ ನಿಮಗೆ ಡೆಂಗಿ ಹೇಗೋ ನನಗೆ ಶಾರ್ಟ್‌ಕಟ್ ವೈರಸ್ ಹಾಗೆ. ಫೋಲ್ಡರೆಲ್ಲ ಮಾಯವಾಗಿ ಹೆಸರು ಮಾತ್ರ ಉಳೀತದೆ. ಸೊಳ್ಳೆಯದ್ದು ತಪ್ಪಾ, ಕಚ್ಚಿಸಿಕೊಂಡವರದ್ದಾ? ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ಕೇಳಿದ್ದೀರಾ? 2010ರಲ್ಲಿ ಗೊತ್ತಾದದ್ದು. ಇಂಟರ್ನೆಟ್ಟೇ ಇಲ್ಲದ ಕಂಪ್ಯೂಟರಿಗೂ ಅದು ದಾಟುತ್ತಿದ್ದದ್ದು ನಮ್ಮವರ ಹೆಗಲೇರಿ. ದೊಡ್ಡ ದೊಡ್ಡವರೇ ಬೇಲಿ ಕಟ್ಟಿ ಗೇಟಿನಲ್ಲಿ ನಮ್ಮನ್ನು ಬಿಟ್ಟುಕೊಂಡರು. ಇಲ್ಲಿಯ ಜೆರಾಕ್ಸ್ ಅಂಗಡಿಯವರನ್ನು ಬೈದು ಏನು ಮಾಡುವುದು?

ನಾನು: ನಿಮ್ಮ ಮುಂದಿನ ವಾರಸುದಾರರು ಯಾರು? ಭಾವನೇ?

ಪೆನ್ ಡ್ರೈವ್: ಯಾವ ಭಾವ? 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಅಳಿಯಸಂತಾನ ಎಲ್ಲಿ ಉಳಿಯಿತು ಅಂತ ಕೇಳಿದರೆ, ನಮ್ಮಲ್ಲಿ ಉಳಿದಿದೆ. ಪೆನ್ ಡ್ರೈವ್ ಮಗನಿಗೆ ಹೋಗುವುದಿಲ್ಲ. ಏಪ್ರಿಲ್ 17ಕ್ಕೆ ಪುತ್ತೂರಿನ ತೇರು ನೋಡಿ ಬಂದ ಸೋದರಳಿಯ, ಎರಡು ಸಿನಿಮಾ ಹಾಕಿಕೊಡ್ತೇನೆ ಮಾವ ಅಂತ ಕಿಸೆಗೆ ಹಾಕಿಕೊಂಡು ಹೋಗ್ತಾನೆ. ಅಲ್ಲಿಗೆ ಹಕ್ಕು ಬದಲಾವಣೆ ಆಯಿತು. ನನಗಿಂತ ಮೊದಲು ಈ ಮೊಳೆಯಲ್ಲಿ ಇಬ್ಬರಿದ್ದರು. 4 ಜಿಬಿಯ ಕೆಂಪು ಒಂದು, 8 ಜಿಬಿಯ ಕಪ್ಪು ಒಂದು. ಕಪ್ಪು ಯಾರಲ್ಲಿದೆ ಅಂತ ನಾನು ಹೇಳುವುದಿಲ್ಲ. ನೀವು ಯಾಕೆ ಬೇರೆ ಕಡೆ ನೋಡ್ತೀರಿ?

ನಾನು: (ಗಂಟಲು ಸರಿಮಾಡಿಕೊಂಡು) ಅದಕ್ಕಾಗಿಯೇ ಕೀಯ ಬಳೆಗೆ ಸಿಕ್ಕಿಸಿದ್ದಾರೆ.

ಪೆನ್ ಡ್ರೈವ್: ಹೌದು. ಅಡಿಕೆ ಕೋಣೆಯ ಕೀಯನ್ನು ಯಾವ ಅಳಿಯನಿಗೂ ಕೊಡುವುದಿಲ್ಲವಲ್ಲ. ಅದರ ಮರ್ಯಾದೆಯಲ್ಲಿ ನನ್ನ ಮರ್ಯಾದೆ.

ನಾನು: ಅಂತೂ ಸುರಕ್ಷಿತ.

ಪೆನ್ ಡ್ರೈವ್: ಎಂತದು ಸುರಕ್ಷಿತ? ನನ್ನ ಒಳಗೆ ಏನು ನಡೀತದೆ ಅಂತ ಗೊತ್ತುಂಟಾ? ಹಟ್ಟಿಯಲ್ಲಿ ದನ ಕೂಡಿದ ಹಾಗೆ ಎಲೆಕ್ಟ್ರಾನುಗಳನ್ನು ಕೂಡಿ ಹಾಕಿರ್ತಾರೆ. ಸುತ್ತ ಕಾಣದಷ್ಟು ತೆಳುವಾದ ಬೇಲಿ. ಯಾವ ಹಟ್ಟಿಯಲ್ಲಿ ಎಷ್ಟು ಅನ್ನುವುದೇ ನಿಮ್ಮ ಫೋಟೋ, ನಿಮ್ಮ ಆರ್‌ಟಿಸಿ. ಬರೆದು ಅಳಿಸಿ ಬರೆದು ಅಳಿಸಿ ಬೇಲಿ ಸವೀತದೆ. ಸುಮ್ಮನೆ ಮೊಳೆಯಲ್ಲಿ ನೇತುಹಾಕಿದರೂ ವರ್ಷಗಳು ಕಳೆದ ಹಾಗೆ ಒಂದೊಂದೇ ದನ ನುಸುಳಿ ಹೋಗ್ತದೆ. ಅಜ್ಜನ ತಟ್ಟೆಯಲ್ಲಿ ಬರೆದದ್ದು ಕಾಂತದ ಗುರುತು, ಕರೆಂಟಿಲ್ಲದೆಯೂ ಹೆಚ್ಚು ದಿನ ನಿಲ್ಲುವಂಥದ್ದು. ಅವನ ದೋಷ ಯಂತ್ರದಲ್ಲಿ, ನನ್ನ ದೋಷ ನೆನಪಿನಲ್ಲಿ. ನೀವು ಚಾಲಿ ಅಡಿಕೆಯನ್ನು ಎರಡು ವರ್ಷ ಇಟ್ಟರೆ ಹಳತು ಅಂತ ಬೆಲೆ ಏರ್ತದೆ. ನನ್ನನ್ನು ಹಳತು ಮಾಡಿದರೆ ಏರುವುದಿಲ್ಲ. ಅಡಿಕೆಯನ್ನಾದರೂ ನೀವು ಆಗಾಗ ತೆಗೆದು ನೋಡ್ತೀರಿ, ಹುಳ ಬಂತಾ ಅಂತ. ನನ್ನನ್ನು ತೆಗೆದು ನೋಡುವುದು ಸಾಲದ ಕಾಗದ ಬೇಕಾದಾಗ ಮಾತ್ರ.

ನಾನು: ಹಾಗಾದರೆ ಹಾರ್ಡ್ ಡಿಸ್ಕೇ ಒಳ್ಳೆಯದಿತ್ತು ಅನ್ನುತ್ತೀರಾ?

ಪೆನ್ ಡ್ರೈವ್: ನಾನು ಹಾಗೆ ಹೇಳಲಿಲ್ಲ. ಈ ಊರಿನ ಸಿಡಿಲಿಗೆ, ಈ ಊರಿನ ಕರೆಂಟಿಗೆ ಎಳೆದು ತೆಗೆಯಬಹುದಾದದ್ದು ಬೇಕೇ ಬೇಕು. ಧಣಿಗಳ ಅಂದಾಜು ತಪ್ಪಲ್ಲ. ಆದರೆ ನಾನು ಬಸ್ಸು ಮಾರಾಯ್ರೆ, ಗೋದಾಮಲ್ಲ. ಇಲ್ಲಿ ಹತ್ತಿಸಿ ಅಲ್ಲಿ ಇಳಿಸುವವನು. ಪುತ್ತೂರು ಸುಬ್ರಹ್ಮಣ್ಯ ಬಸ್ಸಿನಲ್ಲಿ ಯಾರಾದರೂ ಒಲೆ ಹೂಡಿ ಸಂಸಾರ ಮಾಡ್ತಾರಾ? ಎಳೆದಿಡುವುದಾದರೆ ಎರಡನ್ನು ಎಳೆದಿಡಿ. ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕ್ ಸಿಗ್ತದಲ್ಲ, ವಯರ್ ಹಾಕಿ ತುಂಬಿಸುವುದು, ವಯರ್ ತೆಗೆದು ಕಪಾಟಿನಲ್ಲಿಡುವುದು. ಅಂಥದ್ದೊಂದು ಇಲ್ಲಿ, ಇನ್ನೊಂದು ಸುಳ್ಯದಲ್ಲಿ ಮಗಳ ಮನೆಯಲ್ಲಿ. ನಾನು ನಡುವೆ ಓಡಾಡ್ತೇನೆ. ಅದು ಬಿಟ್ಟು ಇಡೀ ಮನೆಯನ್ನು ನನ್ನ ಮೇಲೆ ಹೇರಿ, ನನಗೆ ಒಂದು ಪ್ರತಿಯೂ ಇಲ್ಲದ ಹಾಗೆ ಮಾಡಿ, ಬುದ್ಧಿವಂತಿಕೆ ಮಾಡಿದೆ ಅಂತ ಮಲಗಿದ್ದಾರೆ ನೋಡಿ.

ನಾನು: ಕ್ಲೌಡ್‌ಗೆ ಹಾಕಬಹುದಲ್ಲ?

ಪೆನ್ ಡ್ರೈವ್: 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಊರೆಲ್ಲ ನೋಡಿತಲ್ಲ. ಒಂದು ಪಾಠ ಇಳಿಸಲು ಅಷ್ಟು. ನನ್ನ ಮಹಿಷಾಸುರನನ್ನು ಮೇಲೇರಿಸಲು ಎಷ್ಟು ಕೊಡೆ ಬೇಕು, ನೀವೇ ಲೆಕ್ಕ ಹಾಕಿ.

ನಾನು: ಕೊನೆಯ ಪ್ರಶ್ನೆ. ನಿಮಗೆ ತುಂಬಾ ನೋವಾಗುವ ಸಂಗತಿ?

ಪೆನ್ ಡ್ರೈವ್: ಈ ಸೀಮೆಯಲ್ಲಿ ನೆಂಟರು ಹೊರಡುವಾಗ ಹೋಗ್ತೇನೆ ಅನ್ನುವುದಿಲ್ಲ, ಬರ್ತೇನೆ ಅಂತಾರೆ. ಎದ್ದು ನಿಂತು ಹೇಳಿ, ಮೆಟ್ಟಿಲಲ್ಲಿ ಮತ್ತೊಮ್ಮೆ ಹೇಳಿ, ಅಂಗಳ ದಾಟಿ ಇನ್ನೊಮ್ಮೆ ಹೇಳಿ ಅರ್ಧ ಗಂಟೆ ಮಾಡ್ತಾರೆ. ನನಗೂ ಹಾಗೊಂದು ಉಂಟು, ಸೇಫ್ಲಿ ರಿಮೂವ್ ಅಂತ. ಒಂದು ಸಲ ಒತ್ತಿದರೆ ಬಾಯಲ್ಲಿರುವ ತುತ್ತು ನುಂಗಿ ಏಳ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಒತ್ತಿದ್ದಿಲ್ಲ. ಉಣ್ಣುತ್ತಾ ಕೂತವನನ್ನು ಎಲೆಯ ಮುಂದಿನಿಂದ ಕೈ ಹಿಡಿದು ಎಳೆದ ಹಾಗೆ ಎಳೀತಾರೆ. ನೀವಾದರೂ ಇವತ್ತು...

ಆಕಾಶ ಸೀಳಿತು. ಒಳಗಿಂದ ಅತ್ತೆ ತುಳುವಿನಲ್ಲಿ ಕೂಗುತ್ತಾ ಓಡಿ ಬಂದು ಸ್ವಿಚ್ ಬೋರ್ಡಿನಿಂದ ಪ್ಲಗ್ ಕಿತ್ತರು. ನಾನು ಪೆನ್ ಡ್ರೈವ್ ಕಿತ್ತೆ. ಮಾವ ಲುಂಗಿ ಸುತ್ತಿಕೊಳ್ಳುತ್ತಾ ಅಂಗಳದ ಅಡಿಕೆಗೆ ಟರ್ಪಾಲು ಎಳೆಯಲು ಓಡಿದರು, ನಾವಿಬ್ಬರೂ ಹಿಂದೆ. ಅಡಿಕೆ ಮುಚ್ಚಿ ಮೈ ಒರೆಸುವಷ್ಟರಲ್ಲಿ ಪುತ್ತೂರು ಬಸ್ಸಿನ ಹೊತ್ತಾಯಿತು. ಬಟ್ಟಲು ಕಾಫಿ ಒಂದೇ ಗುಟುಕಿಗೆ ಕುಡಿದು ಕೊಡೆ ಹಿಡಿದು ನಡೆದೆ.

ಸವಣೂರು ದಾಟುವಾಗ ಫೋನ್ ಬಂತು.

"ನಿನ್ನ ಕಿಸೆ ನೋಡು," ಅಂದರು ಮಾವ.

ನೋಡಿದೆ. ಕೀ ಇತ್ತು.

"ನಾಳೆ ಬೆಳಿಗ್ಗೆ ಏಳಕ್ಕೆ ಅಡಿಕೆ ತೂಗಲು ಬರ್ತಾರೆ ಮಾರಾಯ. ಪಿಕಪ್ಪಿಗೆ ಹೇಳಿ ಆಗಿದೆ. ಬಾಗಿಲು ಒಡೆಯಲಾ?"

"ತಪ್ಪಾಯಿತು ಮಾವ. ಇದರ ಜೊತೆ ಪೆನ್ ಡ್ರೈವೂ ಬಂದಿದೆ."

"ಅದಿರಲಿ. ಕೀಯನ್ನು ಈ ಕಡೆ ಬರುವ ಲಾಸ್ಟ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡು. ನಾನು ಕಾಣಿಯೂರಿನಲ್ಲಿ ನಿಂತಿರ್ತೇನೆ."

ಪುತ್ತೂರು ಸ್ಟ್ಯಾಂಡಿನಲ್ಲಿ ಇಳಿದು ಬಳೆಯಿಂದ ಪೆನ್ ಡ್ರೈವ್ ಬಿಡಿಸಲು ನೋಡಿದೆ. ಮನೆಗೆ ಹೋಗಿ ಒಂದು ಪ್ರತಿ ಮಾಡಿಡುವ ಅಂತ ಮನಸ್ಸಿನಲ್ಲಿತ್ತು. ತುಕ್ಕು ಹಿಡಿದ ಬಳೆ ಬಾಯಿ ಬಿಡಲಿಲ್ಲ, ಉಗುರು ಮುರಿಯಿತು. ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು ಕೀಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಅಡಿಕೆ ಕೋಣೆಯದ್ದಾ? ಜಾಗ್ರತೆ ಮಾಡ್ತೇನೆ," ಅಂದು ಚಿಲ್ಲರೆಯ ಚೀಲಕ್ಕೆ ಹಾಕಿಕೊಂಡರು. ಜಿಪ್ಪು ಎಳೆಯುವ ಮೊದಲು ತೊಟ್ಟೆಯೊಳಗಿಂದ ಸಣ್ಣ ದನಿ ಕೇಳಿಸಿತು.

"ಬರ್ತೇನೆ, ಆಯ್ತಾ?"